ತುಳುಕದ ಚಹಾ

ರೈಲು ಎಡಕ್ಕೆ ವಾಲಿದ ಕೂಡಲೇ ಸೊನೊಕೊ ಪಕ್ಕದ ಆಸನದ ಮೇಲಿದ್ದ ಬಿಳಿ ಬಟ್ಟೆಯ ಗಂಟನ್ನು ಎರಡೂ ಕೈಗಳಿಂದ ಅವುಚಿ ಹಿಡಿದಳು. ಅದರೊಳಗಿನ ಪಿಂಗಾಣಿ ಕುಡಿಕೆಯಲ್ಲಿ ಗಂಡ ತಮೊತ್ಸುವಿನ ಅಸ್ಥಿಯಿತ್ತು. ಯೊಶಿನೊ ನದಿಯ ಕಣಿವೆಯುದ್ದಕ್ಕೂ ತಿರುವುಗಳೇ. ಕುಡಿಕೆ ಉರುಳಿ ಒಡೆದರೆ ಊರಿನ ಸಮಾಧಿಗೆ ಏನನ್ನು ಒಯ್ಯುವುದೆಂಬ ಭಯದಲ್ಲಿ, ತಂದಿದ್ದ ಅನ್ನದುಂಡೆಯನ್ನೂ ಅವಳು ಬಿಚ್ಚಿರಲಿಲ್ಲ.

ಟಿಕೆಟ್ ನೋಡಲು ಬಂದ ಕಂಡಕ್ಟರ್ ಕುನಿಸಾವಾ ಟೋಪಿ ತೆಗೆದು ಗಂಟಿಗೆ ತಲೆಬಾಗಿದ. ತಮೊತ್ಸು ಈ ಡೀಸೆಲ್ ರೈಲು ಓಡಿಸುತ್ತಿದ್ದ ಕಾಲದಲ್ಲಿ ಜೊತೆಗೆ ದುಡಿದವನು.

"ಕೈ ಬಿಡಿ ಅತ್ತಿಗೆ, ಬೀಳಲ್ಲ."

"ನಿನಗೇನಪ್ಪಾ, ಹೇಳ್ತೀಯ. ಇಷ್ಟು ವಾಲುತ್ತಲ್ಲೋ!"

"ಈ ರೈಲು ಮಾಡಿರೋದೇ ಹಾಗೆ, ತಿರುವಿನ ಒಳಗಡೆಗೇ ವಾಲೋದ್ರಿಂದ್ಲೇ ಏನೂ ಜಾರಲ್ಲ. ಅಣ್ಣ ನಿಮಗೆ ಹೇಳಿರಲಿಲ್ವಾ?"

ಹೇಳಿದ್ದ. ಊಟಕ್ಕೆ ಕೂತಾಗಲೆಲ್ಲ, "ಒಂದು ಸಲ ಬಾರೇ, ನನ್ನ ರೈಲಲ್ಲಿ ಚಹಾ ತುಳುಕಲ್ಲ" ಅನ್ನುತ್ತಿದ್ದ. "ನಿಮ್ಮ ರೈಲು ಹತ್ತಿ ವಾಂತಿ ಮಾಡ್ಕೊಳ್ಳೋಕೆ ನನಗೇನು ಹುಚ್ಚಾ?" ಎಂದು ಅವಳು ಪಾತ್ರೆ ತೊಳೆಯಲು ಏಳುತ್ತಿದ್ದಳು. ಒಮ್ಮೆಯೂ ಹತ್ತಲಿಲ್ಲ.

ಕುನಿಸಾವಾ ಅವಳ ಫ್ಲಾಸ್ಕಿನಿಂದ ಮುಚ್ಚಳದ ತುಂಬ ಚಹಾ ಬಗ್ಗಿಸಿ, ಎದುರಿನ ಆಸನದ ಬೆನ್ನಿಗಿದ್ದ ಹಲಗೆಯ ಮೇಲಿಟ್ಟು ಮುಂದಿನ ಡಬ್ಬಿಗೆ ಹೋದ. ತಿರುವು ಬಂತು. ರೈಲು ಮೈ ವಾಲಿಸಿತು, ಕಿಟಕಿಯ ತುಂಬ ಹಸಿರು ನದಿ ಎದ್ದು ಬಂತು. ಸೊನೊಕೊ ಒಂದೊಂದಾಗಿ ಬೆರಳು ಸಡಿಲಿಸಿ ಕೈ ತೆಗೆದಳು. ಗಂಟು ಕದಲಲಿಲ್ಲ. ಚಹಾ ಅಂಚಿನವರೆಗೆ ನಡುಗಿ, ಸುಮ್ಮನಾಯಿತು.

"ನಿಜ ಕಣ್ರೀ, ತುಳುಕಲಿಲ್ಲ," ಎಂದು ಅವಳು ಪಕ್ಕದ ಆಸನಕ್ಕೆ ಹೇಳಿದಳು.