ಶೀಳನೆರೆಯಲ್ಲಿ ಕಾಣೆಯಾದ ಕಾಲುಗಳು

ಚಿಕ್ಕಸ್ವಾಮಿಯ ಕಾಲುಗಳು ಮತ್ತೆ ಮಾಯವಾದವು.

ಐದು ನಿಮಿಷದ ಹಿಂದೆ ಟಿ.ವಿ. ಪರದೆಯ ಮೇಲೆ ಅವನ ಹಸಿರು ಗೊಂಬೆ ಸೊಗಸಾಗಿ ಓಡುತ್ತಿತ್ತು. ಅವನು ನಿಂತಲ್ಲೇ ಹೆಜ್ಜೆ ಹಾಕಿದರೆ ಗೊಂಬೆಯೂ ಹಾಕುತ್ತಿತ್ತು. ಈಗ ಸೊಂಟದ ಕೆಳಗೆ ಏನೂ ಇಲ್ಲ. ಗೊಂಬೆ ಗೂಟಕ್ಕೆ ನೇತುಹಾಕಿದ ಅಂಗಿಯಂತೆ ಅಲ್ಲಾಡುತ್ತಿತ್ತು. ಕುಮಾರ್ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು ಮೂಲೆಯತ್ತ ನೋಡಿದ. ನಿಂಗರಾಜುವಿನ ಬಲಗೈ ಜೇಬಿನೊಳಗಿತ್ತು.

ಶೀಳನೆರೆಯ ಹಾಲಿನ ಸಂಘದವರು ಮಹಡಿಯ ಮೇಲೆ ಹೊಸ ಕೋಣೆ ಕಟ್ಟಿಸಿದ್ದರು. ಸದಸ್ಯರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ. ನಡೆಯಿರಿ ಎಂದು ಡಾಕ್ಟರು ಹೇಳಿದರೆ, ಕೇಳಿಕೊಂಡು ಬೈಕು ಹತ್ತುವ ಪೈಕಿ. ಮೈ ಕುಣಿಸಿ ಆಡುವ ವಿಡಿಯೋ ಗೇಮನ್ನಾದರೂ ತರೋಣವೆಂದು ಅಧ್ಯಕ್ಷ ಜವರಯ್ಯನವರು ಇಬ್ಬರು ವ್ಯಾಪಾರಿಗಳನ್ನು ಒಂದೇ ದಿನ ಕರೆಸಿದ್ದರು. ಕೆ.ಆರ್.ಪೇಟೆಯ ಕುಮಾರ್ ತಂದದ್ದು ಬರಿಗೈಯಲ್ಲಿ ಆಡುವಂಥದ್ದು. ಎದುರಿಗೆ ನಿಂತರೆ ಸಾಕು, ಕ್ಯಾಮೆರಾ ಆಳನ್ನು ಅಳೆದು ಗೊಂಬೆ ಮಾಡುತ್ತದೆ. ನಾಗಮಂಗಲದ ನಿಂಗರಾಜು ತಂದದ್ದರಲ್ಲಿ ತುದಿಗೆ ದೀಪವಿರುವ ಕೋಲು ಹಿಡಿಯಬೇಕು. ಅದರ ಕ್ಯಾಮೆರಾ ದೀಪವನ್ನಷ್ಟೇ ನೋಡುತ್ತದೆ. ಎರಡೂ ಕಂಪನಿಗಳು ಯಾವುದೋ ದೇಶದಲ್ಲಿ ತಮ್ಮದೇ ಮೇಲೆಂದು ಕಚ್ಚಾಡುತ್ತಿದ್ದವು. ಇಲ್ಲಿ ಅವುಗಳ ಪರವಾಗಿ ಇವರಿಬ್ಬರು.

ಈ ತಿಂಗಳು ಒಂದಾದರೂ ಮಾರದಿದ್ದರೆ ಕುಮಾರ್‌ನ ಏಜೆನ್ಸಿ ರದ್ದು. ಕಾಗದ ಬಂದು ವಾರವಾಗಿತ್ತು. ಯಂತ್ರದ ಜೊತೆ ಬಂದ ಪುಸ್ತಕವನ್ನು ಅವನು ಮೂರು ಸಲ ಓದಿದ್ದ, ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿದ್ದ. ಕಾಲು ಕಳೆದುಹೋದರೆ ಏನು ಮಾಡಬೇಕೆಂದು ಯಾವ ಪುಟದಲ್ಲೂ ಇರಲಿಲ್ಲ.

ಎರಡು ಸಲವೂ ಒಂದೇ ಕಥೆ. ಜವರಯ್ಯನವರು ಕೆಳಗೆ ಹಾಲಿನ ಡಿಗ್ರಿ ನೋಡುತ್ತಿರುವಷ್ಟು ಹೊತ್ತು ಗೊಂಬೆ ಓಡುತ್ತಿತ್ತು. ಅವರು ಮೆಟ್ಟಿಲು ಹತ್ತಿ ಬಂದು, ಸಂಘದ ನಿರ್ದೇಶಕರೆಲ್ಲ ಎದ್ದು, ಎತ್ತಿ ಕಟ್ಟಿದ ಪಂಚೆ ಇಳಿಬಿಟ್ಟು, ನಮಸ್ಕಾರ ಹೇಳಿ ಮುಗಿಸುವಷ್ಟರಲ್ಲಿ ಕಾಲು ಹೋಗಿರುತ್ತಿತ್ತು. ಕುಮಾರ್ ಕಿಟಕಿ ಮುಚ್ಚಿದ, ಟ್ಯೂಬ್‌ಲೈಟು ಆರಿಸಿದ, ಕ್ಯಾಮೆರಾದ ಕಣ್ಣನ್ನು ಕರ್ಚೀಫಿನಲ್ಲಿ ಒರೆಸಿದ. ಇನ್ನು ಉಳಿದದ್ದು ನಿಂಗರಾಜುವಿನ ಜೇಬು ಮಾತ್ರ.

"ನಿಂಗಣ್ಣ, ಒಸಿ ಈಚೆಗಿರಣ್ಣ," ಎಂದ, ಆದಷ್ಟು ಮೆತ್ತಗೆ.

"ಅಂದ್ರೆ ನಾನೇನೋ ಮದ್ದಾಕಿವ್ನಿ ಅಂತೀಯೇನ್ಲಾ?"

ನಿಂಗರಾಜು ಜೇಬಿನಿಂದ ಒಂದು ಹಿಡಿ ಹುರಿಗಡಲೆ ತೆಗೆದು ಎಲ್ಲರಿಗೂ ತೋರಿಸಿದ. ನಾಲ್ಕು ಕಾಳನ್ನು ಕುಮಾರ್‌ನ ಅಂಗೈಗೂ ಹಾಕಿ ಮೆಟ್ಟಿಲಿಳಿದು ಹೋದ. ಕುಮಾರ್‌ಗೆ ನಾಚಿಕೆಯಾಯಿತು. ಆದರೂ ಯಂತ್ರವನ್ನು ಮೂರನೇ ಸಲ ಚಾಲೂ ಮಾಡಿದ.

ಈ ಸಲ ಜವರಯ್ಯನವರು ತಾವೇ ಪರದೆಯ ಎದುರು ನಿಂತರು. ಹಿಂದೆ ಚಿಕ್ಕಸ್ವಾಮಿ, ಶಿವಣ್ಣ, ಇನ್ನೂ ಮೂವರು ನಿರ್ದೇಶಕರು. ಪರದೆಯ ಮೇಲೆ ಆರು ಗೊಂಬೆಗಳು ಮೂಡಿದವು. ಆರಕ್ಕೂ ಕಾಲಿಲ್ಲ. ಕುಮಾರ್ ಕಣ್ಣು ಮುಚ್ಚಿ ಮನೆದೇವರನ್ನು ನೆನೆದ.

ಕಣ್ಣು ಬಿಟ್ಟರೆ ಹಿಂದಿನ ಸಾಲಿನಲ್ಲಿ ಒಂದು ಗೊಂಬೆಗೆ ಕಾಲು ಮೂಡುತ್ತಿತ್ತು.

"ಬಂತು ಯಜಮಾನ್ರೇ, ಶಿವಣ್ಣೋರ ಕಾಲು ಬಂತು. ನೋಡಿ, ಇನ್ನೊಬ್ರದ್ದೂ ಬಂತು."

ಜವರಯ್ಯನವರು ಹಿಂತಿರುಗಿ ಶಿವಣ್ಣನನ್ನೇ ನೋಡಿದರು. ಶಿವಣ್ಣ ಕೈಕಟ್ಟಿ ನಿಂತಿದ್ದ. ಪರದೆಯಿಂದ ಕಾಲುಗಳು ಹೋದವು. ಅವರು ಮತ್ತೆ ಪರದೆಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಅವೇ ಎರಡು ಗೊಂಬೆಗಳಿಗೆ ಕಾಲು ಬಂದವು. ಮತ್ತೆ ಹಿಂತಿರುಗಿದರು, ಹೋದವು. ಹೀಗೆ ನಾಲ್ಕು ಸಲ. ಜವರಯ್ಯನವರ ಮುಖ ಗಂಟಿಕ್ಕುತ್ತಾ ಬಂತು. ಪ್ರತಿ ಸಲವೂ ಕುಮಾರ್‌ನ ಜೀವ ಒಂದು ಮೆಟ್ಟಿಲು ಕೆಳಗಿಳಿಯಿತು.

ಕೊನೆಗೆ ಅವನ ಮನಸ್ಸಾಕ್ಷಿ ತಡೆಯಲಿಲ್ಲ. ಯಂತ್ರದಲ್ಲೇ ಏನೋ ದೋಷವಿದೆ, ತನಗೆ ಅದು ತಿಳಿಯುತ್ತಿಲ್ಲ, ಇಂಥದ್ದನ್ನು ಸಂಘಕ್ಕೆ ಮಾರಿದರೆ ತಪ್ಪಾಗುತ್ತದೆ ಎಂದು ಎಲ್ಲರೆದುರು ಒಪ್ಪಿಕೊಂಡ. ಶಿವಣ್ಣ, ಹುಡುಗ ನಿಯತ್ತಿನವನು, ಆದರೆ ಕೋಲಿನದೇ ವಾಸಿ ಎಂದ.

ನಿಂಗರಾಜುವನ್ನು ಕರೆದರು. ಕೋಲಿನ ಆಟ ಒಂದು ಚೂರೂ ತಪ್ಪಲಿಲ್ಲ. ಚಿಕ್ಕಸ್ವಾಮಿ ಸಿಕ್ಸರು ಹೊಡೆದ, ಶಿವಣ್ಣ ಹತ್ತಾರು ಕಳ್ಳರನ್ನು ಬಡಿದು ಕೆಡವಿದ. ನಿರ್ದೇಶಕರು ಒಬ್ಬೊಬ್ಬರಾಗಿ ಮೈ ಬೆವರಿಸಿಕೊಂಡು, ಇದನ್ನೇ ಕೊಳ್ಳುವುದೆಂದು ಒಪ್ಪಿ, ನಿಂಗರಾಜುವನ್ನು ನಡುವೆ ಹಾಕಿಕೊಂಡು ಟೀ ಕುಡಿಯಲು ಇಳಿದರು. ಕುಮಾರ್ ವೈರು ಸುತ್ತತೊಡಗಿದ. ಕೆ.ಆರ್.ಪೇಟೆಯ ಅಂಗಡಿಯ ಮುಂದಿನ ಬೋರ್ಡನ್ನು ಇಳಿಸುವುದಕ್ಕೆ ಏಣಿ ಯಾರಲ್ಲಿ ಸಿಕ್ಕೀತು ಎಂದು ಲೆಕ್ಕ ಹಾಕುತ್ತಿದ್ದ.

ಜವರಯ್ಯನವರು ಮಾತ್ರ ಹೋಗಿರಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು, ವೈರಿನ ಮೇಲೆ ಕೈಯಿಟ್ಟರು.

"ಕಟ್ಬ್ಯಾಡ, ಬುಡು. ಇದ್ನೂ ತಕ್ಕತೀನಿ."

ಕೆಟ್ಟ ಯಂತ್ರ ಯಜಮಾನ್ರೇ, ಬೇಡ ಎಂದ ಕುಮಾರ್.

"ಕೆಟ್ಟಿಲ್ಲ ಕಣಪ್ಪ. ಪಂಚೆ ಇಳೀಬುಟ್ರೆ ಅದುಕ್ಕೆ ಕಾಲು ಕಾಣಾಕಿಲ್ಲ, ಎತ್ಕಟ್ಟುದ್ರೆ ಕಾಣ್ತವೆ, ಅಷ್ಟೆಯ. ಆಡೋಕೆ ಕೋಲಿಂದು ಇರ್ಲಿ. ಇದ್ನ ಮೀಟಿಂಗ್ ಕೋಣೇಲಿ ನನ್ನ ಕುರ್ಚಿ ಎದುರ್ಗೆ ಕೂರ್ಸು. ಮುಂದ್ಲ ತಿಂಗ್ಳು ಚುನಾವಣೆ. ನನ್ನ ಮುಂದೆ ಇಳಿಸ್ದೋರು, ಬೆನ್ನಿಂದೆ ಯಾರ್ಯಾರು ಎತ್ಕಟ್ತಾವ್ರೆ ಅಂತ ನಾನು ನೋಡ್ಬೇಕು."