ಹಳ್ಳದ ದಡದಲ್ಲಿ ನಿಂತ ಮೂರು ಬೈಕುಗಳು

ಪೆಟ್ರೋಲ್ ಮತ್ತು ಸ್ಪಿರಿಟ್... ಈ ಎರಡೂ ಬೆರೆತ ವಾಸನೆ ಬಂದರೆ ನನಗೆ ಈಗಲೂ ಅಪ್ಪನ ನೆನಪು.

ಅಪ್ಪ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹಳೇ ಮೋಟಾರ್ ಸೈಕಲ್ಲಿಗೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿಗಳಿಗೆ ಹೋಗುತ್ತಿದ್ದರು.

ಹೋದ ಗುರುವಾರ ಅದೇ ವಾಸನೆ ಮತ್ತೆ ಬಂತು... ಜಗಳೂರಿನ ಆಚೆ, ಒಂದು ಹಳ್ಳದ ದಡದಲ್ಲಿ.

ತಂಗಿಯ ಮೊಮ್ಮಗ ಪ್ರಣೀತ್ ಇಬ್ಬರು ಗೆಳೆಯರ ಜೊತೆ ಅಲ್ಲಿಗೆ ವಿಡಿಯೋ ಮಾಡಲು ಬಂದಿದ್ದ. ಹಿಂದೆ ಕಾರಿನಲ್ಲಿ ಅವರ ಸಾಮಾನು, ಊಟದ ಡಬ್ಬಿಗಳು ಮತ್ತು ನಾನು.

ಮೂರು ದೊಡ್ಡ ಅಡ್ವೆಂಚರ್ ಬೈಕುಗಳು. ಪ್ರಣೀತನದು ಜರ್ಮನಿಯದು. ಉಳಿದವು ಒಂದು ಆಸ್ಟ್ರಿಯಾದ್ದು, ಒಂದು ಇಟಲಿಯದು.

ಯಾವುದು ಮೇಲು ಅಂತ ನಿಂತಲ್ಲೆಲ್ಲ ಜಗಳ... ತನ್ನದಕ್ಕೆ ಎಣ್ಣೆ ಹಾಕಿ ಬಿಗಿಮಾಡುವ ಚೈನೇ ಇಲ್ಲ, ತಲೆನೋವೂ ಇಲ್ಲ ಅಂತ ಪ್ರಣೀತ್. ನಮ್ಮದು ಕಲ್ಲಿನ ಮೇಲೆ ಮೇಕೆಯ ಹಾಗೆ ಹತ್ತುತ್ತೆ ಅಂತ ಆಸ್ಟ್ರಿಯಾ ಬೈಕಿನವನು. ಮೂರನೆಯವನು ಮಾತೇ ಆಡದೆ ಆಕ್ಸಿಲರೇಟರ್ ತಿರುವಿ ಸದ್ದು ಕೇಳಿಸುತ್ತಿದ್ದ.

ಎಂಥ ಜಾಗಕ್ಕೂ ಹೋಗುತ್ತವೆ ಅನ್ನುವುದರಲ್ಲಿ ಮಾತ್ರ ಮೂವರೂ ಒಂದೇ. ಅದನ್ನು ತೋರಿಸಲೆಂದೇ ಹಳ್ಳ ದಾಟುವ ಪರೀಕ್ಷೆ.

ಆಗ ಬಸ್ಸಿಳಿದು ಬಂದರು ಆಸ್ಪತ್ರೆಯ ಸಿಸ್ಟರ್ ಕಮಲಾಕ್ಷಿ. ಕೈಯಲ್ಲಿ ಐಸ್ ತುಂಬಿದ ಲಸಿಕೆ ಪೆಟ್ಟಿಗೆ. ಬ್ಯಾಗಿನಿಂದ ಸ್ಪಿರಿಟ್ ವಾಸನೆ...

ಆಚೆ ನಾಲ್ಕು ಕಿಲೋಮೀಟರ್ ದೂರದ ಅಂಗನವಾಡಿಯಲ್ಲಿ ಹನ್ನೊಂದು ಕೂಸುಗಳು ಕಾಯುತ್ತಿದ್ದವು. ಸೇತುವೆ ಮಳೆಗೆ ಕೊಚ್ಚಿ ಹೋಗಿತ್ತು.

ಹೋದ ತಿಂಗಳು ನಡೆದು ದಾಟುವಾಗ ಪಾಚಿಗೆ ಕಾಲು ಜಾರಿ ಪೆಟ್ಟಿಗೆ ನೀರುಪಾಲಾಗಿತ್ತಂತೆ. ಮಕ್ಕಳಿಗೆ ಲಸಿಕೆ ತಪ್ಪಿತು. ಈಗ ಪಕ್ಕದ ಊರಲ್ಲಿ ದಡಾರ ಶುರುವಾಗಿದೆ.

"ಯಾರಾದ್ರೂ ಒಬ್ರು ಬಿಟ್ಟು ಬರ್ತೀರಾ ಅಣ್ಣಾ? ಐಸ್ ಕರಗ್ತಾ ಇದೆ" ಅಂದರು.

ಒಬ್ಬ ಆಕಾಶ ನೋಡಿದ. ಇನ್ನೊಬ್ಬ, ಬಾಕ್ಸಿನ ತುಂಬ ಕ್ಯಾಮೆರಾ ಇದೆ ಅಂದ. ನೀನಾದರೂ ಬಿಟ್ಟು ಬಾ ಅಂತ ನಾನು ಪ್ರಣೀತನಿಗೆ ಹೇಳಿದೆ.

"ಅಜ್ಜಿ, ಈಗ್ಲೇ ಕೆಸರಾದ್ರೆ ಕಂಪ್ಯಾರಿಸನ್ನೇ ಕೆಟ್ಟೋಗುತ್ತೆ. ಮೂರೂ ಗಾಡಿ ಕ್ಲೀನಾಗಿ ಒಟ್ಟಿಗೇ ನೀರಿಗಿಳೀಬೇಕು. ಡ್ರೋನ್ ಚಾರ್ಜ್ ಆಗ್ಲಿ, ಒಂದು ಗಂಟೆ ಅಷ್ಟೇ."

ಹಳ್ಳ ಅದೇ. ಗಾಡಿ ಅದೇ. ಹಿಂದಿನ ಸೀಟು ಖಾಲಿ... ದಾಟಲೆಂದೇ ಬಂದವರು ದಾಟುವುದಿಲ್ಲ ಅನ್ನುತ್ತಾರೆ!

ನನಗೆ ಸಿಟ್ಟು ಬರುವುದು ಕಡಿಮೆ. ಅಂದು ಮೈಯೆಲ್ಲ ಉರಿಯಿತು. ಎತ್ತಿ ಆಡಿಸಿದ ಮಗು ಇವನೇನಾ ಅನ್ನಿಸಿತು.

ಅಷ್ಟರಲ್ಲಿ ಹಳೇ ಮೊಪೆಡ್ ಒಂದು ಬಂದು ನಿಂತಿತು. ಓಬಳೇಶ ಅಂತ ಹೆಸರು... ಆಚೆ ದಡದ ಹೊಲಕ್ಕೆ ಹೊರಟವನು. ಸಿಸ್ಟರ್ ಪೂರ್ತಿ ಹೇಳುವವರೆಗೂ ಕಾಯಲಿಲ್ಲ.

ರೊಟ್ಟಿ ಗಂಟು ಬಿಚ್ಚಿದ. ರೊಟ್ಟಿಯನ್ನು ಮೊಪೆಡ್ಡಿನ ಚೀಲಕ್ಕೆ ಹಾಕಿ, ಆ ಬಟ್ಟೆಯನ್ನು ನೀರಲ್ಲಿ ಅದ್ದಿ, ಬಿಸಿಲು ತಾಗದಂತೆ ಪೆಟ್ಟಿಗೆಗೆ ಸುತ್ತಿದ.

ಮೊದಲು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ದಾಟಿಸಿದ. ಮರಳಿ ಬಂದು ಸಿಸ್ಟರ್ ಕೈಹಿಡಿದು ದಾಟಿಸಿದ. ಮತ್ತೆ ಬಂದು ಮೊಪೆಡ್ ನೂಕುವ ಮೊದಲು ಬೈಕುಗಳ ಕಡೆ ನೋಡಿದ.

"ಗಾಡಿ ಭಾರಿ ಅದಾವೆ ಬಿಡ್ರಿ ಸ್ವಾಮಿ. ನೀರಿಗಿಳಿಯೋದು ಯಾವಾಗ?"

ಮೊಪೆಡ್ಡನ್ನು ನೀರಲ್ಲಿ ನೂಕಿ ದಾಟಿಸಿ, ಸಿಸ್ಟರನ್ನು ಹಿಂದೆ ಕೂರಿಸಿಕೊಂಡು ಹೊರಟ.

ಒಂದು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ ಅವನು ಒಬ್ಬನೇ ಆಚೆ ದಡಕ್ಕೆ ತಿರುಗಿ ಬಂದ. ಅಲ್ಲಿಂದಲೇ ನನಗೆ ಕೂಗಿ ಹೇಳಿದ:

"ಹನ್ನೊಂದೂ ಕೂಸು ಅಳ್ತಾ ಅದಾವೆ ಅವ್ವಾ... ಸೂಜಿ ಆತು."

ಮಕ್ಕಳ ಅಳುವಿನ ಸುದ್ದಿ ಕೇಳಿ ಕಣ್ತುಂಬಿ ನಕ್ಕದ್ದು ನಾನು ಅದೇ ಮೊದಲು.

ಓಬಳೇಶ ಕಲ್ಲಿನ ಮೇಲೆ ಕೂತು ಚೀಲ ತೆಗೆದ. ಹಳ್ಳದ ನೀರು ನುಗ್ಗಿ ರೊಟ್ಟಿ ಹಿಟ್ಟಾಗಿತ್ತು. ಅದನ್ನು ಮೀನಿಗೆ ಹಾಕಿದ.

ಡ್ರೋನ್ ಮೇಲೇರಿತು. ಗೆಳೆಯರು ಪ್ರಣೀತನನ್ನು ಕೂಗಿದರು... ಅವನು ಹೆಲ್ಮೆಟ್ ಮುಟ್ಟಲಿಲ್ಲ.

ಕಾರಿನಿಂದ ತನ್ನ ಊಟದ ಡಬ್ಬಿ ತೆಗೆದುಕೊಂಡ. ನನ್ನ ಮುಖ ನೋಡಲಿಲ್ಲ. ಆ ದುಬಾರಿ ಬೂಟಿನಲ್ಲೇ ನೀರಿಗಿಳಿದು, ತಡವರಿಸುತ್ತ ಆಚೆ ನಡೆದ.

ಎರಡೂ ಕೈಯಿಂದ ಡಬ್ಬಿಯನ್ನು ಓಬಳೇಶನಿಗೆ ಕೊಟ್ಟ.

*

ಎಲ್ಲಿಗೆ ಬೇಕಾದರೂ ಹೋಗಬಲ್ಲ ಗಾಡಿಗಿಂತ, ಬೇಕಾದ ಹೊತ್ತಿಗೆ ಹೋಗುವ ಮನುಷ್ಯ ದೊಡ್ಡವನು.

ನಿಮ್ಮ ಗಾಡಿ ಇನ್ನೊಬ್ಬರಿಗಾಗಿ ಕೆಸರಾಗಿ ಎಷ್ಟು ದಿನವಾಯಿತು?