ಇಪ್ಪತ್ತು ಗೊನೆಯ ಸಿಟ್ಟು

ಜಯದೇವಿ ಚೀಟಿಯನ್ನು ಗಂಡನ ಮುಂದೆ ಫಟ್ಟನೆ ಬಡಿದಿಟ್ಟು ಮುಖ ತಿರುಗಿಸಿದಳು. ‘ಇಪ್ಪತ್ತು ಗೊನೆ’ ಎಂದಿತ್ತು. ಕಲಬುರಗಿಯ ತರಬೇತಿಯಲ್ಲಿ ಬಾಳೆಹಣ್ಣಿನ ವ್ಯಾಪಾರಿಗಳಿಗೆ ಆಡಿಸುತ್ತಿದ್ದ ಆಟ ಅದು. ಅವಳು ಅಂಗಡಿಯವಳು, ದೇವೀಂದ್ರಪ್ಪ ಸಗಟು ವ್ಯಾಪಾರಿ. ಆಡುವಾಗ ಮಾತಾಡುವಂತಿಲ್ಲ, ಚೀಟಿಯಷ್ಟೇ; ಗೊನೆ ಮಾರದೆ ಉಳಿದರೆ ನಷ್ಟ. ಕಮಲಾಪುರದಿಂದ ಬರುವಾಗ ಬಸ್ಸಿನಲ್ಲಿ ತವರಿನವರನ್ನು ಆಡಿಕೊಂಡನೆಂದು ಅವಳು ಹೇಗೂ ಮಾತು ಬಿಟ್ಟಿದ್ದಳು.

ದೇವೀಂದ್ರಪ್ಪ ಗೊನೆಯ ಚಿತ್ರವಿದ್ದ ಕಾರ್ಡುಗಳಲ್ಲಿ ಹತ್ತೇ ಕಳಿಸಿದ. ಸುತ್ತು ಮುಗಿದಾಗ ನೋಡಿದರೆ ಆಟದ ಗಿರಾಕಿಗೆ ಬೇಕಾದದ್ದೂ ಅಷ್ಟೇ ಆಗಿತ್ತು. ಉಳಿದ ಜೋಡಿಗಳ ಮುಂದೆಲ್ಲ ಮಾರದೆ ಉಳಿದ ಗೊನೆಗಳ ರಾಶಿ.

“ಹತ್ತೇ ಸಾಕಂತ ಹ್ಯಾಂಗ ಗೊತ್ತಾತ್ರೀ?” ಆಟ ಆಡಿಸುತ್ತಿದ್ದ ಮೃದುಲಾ ಕೇಳಿದಳು.

“ಸಿಟ್ಟು ಬಂದಾಗ ಈಕಿ ಎಲ್ಲಾ ದುಪ್ಪಟ್ಟು ಹೇಳ್ತಾಳ್ರೀ ಮೇಡಮ್. ನಾ ಅರ್ಧಾ ಹಿಡೀತೀನಿ.”

ಎಲ್ಲರೂ ಗೊಳ್ಳೆಂದರು. ಜಯದೇವಿಗೂ ತಡೆಯಲಾಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮುಂದಿನ ಸುತ್ತಿನ ಚೀಟಿಯನ್ನು ಮೆಲ್ಲಗೆ ಸರಿಸಿದಳು: ‘ಹತ್ತು.’ ಬಸ್ಸಿನಿಂದ ಹೊತ್ತು ತಂದ ಭಾರ ದೇವೀಂದ್ರಪ್ಪನ ಎದೆಯಿಂದ ಇಳಿಯಿತು. ಕಾರ್ಡುಗಳ ಕಟ್ಟನ್ನೇ ಎತ್ತಿ ಅವಳ ಮುಂದಿಟ್ಟ.

ಆ ಸುತ್ತು ಮುಗಿದಾಗ ಮಾರದೆ ಉಳಿದ ಗೊನೆಗಳಲ್ಲಿ ಎಲ್ಲರಿಗಿಂತ ದೊಡ್ಡ ರಾಶಿ ಇವರದೇ.

“ಹತ್ತು ಕೇಳಿದ್ರ ಇಷ್ಟ್ಯಾಕ ಕೊಟ್ರೀ?” ಜಯದೇವಿ ಹಣೆ ಬಡಿದುಕೊಂಡಳು.

“ಮತ್ತ ನೀ ನಕ್ಕಿಯಲ್ಲ!”